ಪರದೆಗೆ ಸಿಗದ ಇಲಿ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಕೆಟ್ಟುಹೋದ ಮಾವಿನ ಉಪ್ಪಿನಕಾಯಿ ಜಾಡಿಯಿಂದ ಬರುತ್ತದಲ್ಲ, ಹಾಗೆ. ಹಳೆಯ ಫಿಲ್ಮು ಸಾಯುವಾಗ ಬಿಡುವ ವಾಸನೆ ಅದು. ಹನ್ನೆರಡು ಡಬ್ಬಿಗಳಲ್ಲಿ ಒಂಬತ್ತಕ್ಕೆ ಅದು ಹಿಡಿದಿತ್ತು.

"ಏನ್ಲಾ, ಓಡ್ತದಾ?" ಮಾಲೀಕರು ಕ್ಯಾಬಿನ್ನಿನ ಬಾಗಿಲಲ್ಲೇ ನಿಂತು, ಟವೆಲಿನಿಂದ ಮೂಗು ಮುಚ್ಚಿಕೊಂಡು ಕೇಳಿದರು.

"ಒಂದ್ಸಲ ಓಡ್ಬೋದು ಸಾವ್ಕಾರ್ರೇ. ಎರಡ್ನೇ ಸಲದ್ದು ನಾನ್ ಹೇಳಾಕಿಲ್ಲ."

ನಾನು ಆಗ ಪಾಂಡವಪುರದ ಒಂದು ಚಿತ್ರಮಂದಿರದಲ್ಲಿ ಆಪರೇಟರ್. ತೊಂಬತ್ತರ ದಶಕ ಅರ್ಧ ಕಳೆದಿತ್ತು. ಮನೆಮನೆಗೆ ಕೇಬಲ್ ಟಿವಿ ಬಂದು ನಮ್ಮ ಮ್ಯಾಟಿನಿಗೆ ಕುರ್ಚಿಗಳೇ ಪ್ರೇಕ್ಷಕರಾಗಿದ್ದವು. ಕೆ.ಆರ್. ಪೇಟೆಯ ಕಡೆ ಒಂದು ಟೆಂಟ್ ಸಿನಿಮಾ ಮುಚ್ಚಿದಾಗ ನಮ್ಮ ಮಾಲೀಕರು ಅದರ ಫ್ಯಾನು, ಬೆಂಚುಗಳನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದರು. ಬೆಂಚುಗಳ ಅಡಿಯಲ್ಲಿ ಈ ಡಬ್ಬಿಗಳೂ ಬಂದುಬಿಟ್ಟಿದ್ದವು. ಗುಜರಿಗೆ ಹಾಕುವ ಮುಂಚೆ ಏನಿದೆ ನೋಡೋಣವೆಂದು ತುಕ್ಕು ಕೆರೆದು ಹೆಸರು ಓದಿದೆ. ಓದಿದವನೇ ಮೆಟ್ಟಿಲ ಮೇಲಿಂದಲೇ ಮಾಲೀಕರನ್ನು ಕೂಗಿದೆ.

ಆ ಚಿತ್ರದ ಹೆಸರು ನಮ್ಮ ಕಡೆ ಯಾರೂ ಹೇಳುವುದಿಲ್ಲ. 'ಗೊಂಬೆ ಪಿಚ್ಚರು' ಎನ್ನುತ್ತಾರೆ. ನಾನಿನ್ನೂ ಚಡ್ಡಿ ಹಾಕದ ಕಾಲದ್ದು, ಕಪ್ಪು ಬಿಳುಪಿನದು. ಅದರಲ್ಲಿ ನಿಜವಾದ ಮನುಷ್ಯರ ನಡುವೆ ಕೈಯಲ್ಲಿ ಬರೆದ ಪ್ರಾಣಿಗಳು ಓಡಾಡುತ್ತವೆ. ಯಜಮಾನರೊಬ್ಬರ ಮನೆಯ ಜೀತದಾಳು ಯಜಮಾನರ ಮೊಮ್ಮಗಳಿಗೆ ಕಥೆ ಹೇಳುತ್ತಾನೆ. ಕಥೆ ಶುರುವಾದರೆ ಸಾಕು, ತೊಣ್ಣೂರು ಕೆರೆಯ ಏರಿಯ ಮೇಲೆ ಬರೆದ ಮೊಲ, ಬರೆದ ನರಿ, ಬರೆದ ಅಳಿಲು ಬಂದು ಅವನ ಸುತ್ತ ಕುಣಿಯುತ್ತವೆ. ಚಿತ್ರೀಕರಣ ಪೂರ್ತಿ ಇಲ್ಲೇ ನಡೆದದ್ದು. ಆಳಿನ ಪಾತ್ರಕ್ಕೆ ತೊಣ್ಣೂರಿನ ಪಕ್ಕದ ಹಳ್ಳಿಯ ನಿಜವಾದ ಆಳನ್ನೇ ಹಿಡಿದು, ಐವತ್ತು ದಾಟದ ಅವನಿಗೆ ಬಿಳಿ ಮೀಸೆ ಅಂಟಿಸಿ ನಿಲ್ಲಿಸಿದ್ದರಂತೆ.

ಮನೆಮಂದಿಯೆಲ್ಲ ಕೂತು ನೋಡುವ ಚಿತ್ರವೆಂದು ಹೆಸರಾಗಬೇಕಿದ್ದದ್ದು ಜಗಳದ ಚಿತ್ರವೆಂದು ಹೆಸರಾಯಿತು. ಕಾರಣ ಒಂದೇ ಒಂದು ದೃಶ್ಯ. ಕಣದಲ್ಲಿ ಯಜಮಾನರು ಆಳಿಗೆ ರಾಗಿ ಅಳೆದು ಕೊಡುತ್ತಾರೆ. ಆಳು ಸೊಂಟ ಬಗ್ಗಿಸಿ, ಕೈಮುಗಿದು, ಅವರ ಕಾಲಿನ ಕಡೆ ನೋಡುತ್ತಾ ಹಲ್ಲೆಲ್ಲ ಕಾಣುವಂತೆ ನಗುತ್ತಾನೆ. ಜೀತಕ್ಕಿದ್ದವರ ಮನೆಗಳಲ್ಲಿ ಅಂಥ ನಗುವನ್ನು ಯಾರೂ ಕಂಡಿರಲಿಲ್ಲ. ಅವನ ಕೇರಿಯವರೇ ಗಾಡಿ ಕಟ್ಟಿಕೊಂಡು ನೋಡಲು ಹೋದವರು ಅರ್ಧಕ್ಕೆ ಎದ್ದು ಬಂದರಂತೆ. ನಾಗಮಂಗಲದ ಟೆಂಟಿನಲ್ಲಿ ಪರದೆಗೆ ಸಗಣಿ ಬಿತ್ತು. ಶ್ರೀರಂಗಪಟ್ಟಣದಲ್ಲಿ ಎರಡೇ ದಿನಕ್ಕೆ ಎತ್ತಂಗಡಿಯಾಯಿತು. ಅವರ ಸಿಟ್ಟು ತಪ್ಪೆಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ.

ಆ ಆಳು ಇನ್ನೂ ಬದುಕಿದ್ದ. ಎಂಬತ್ತರ ಮುದುಕ. ಊರಿನವರಿಗೆ ಅವನು ಇಲಿತಾತ. ಯಾಕೆಂದರೆ ಚಿತ್ರ ಎತ್ತಂಗಡಿಯಾದ ದಿನದಿಂದ ಅವನು ಒಂದೇ ಮಾತು ಹೇಳುತ್ತಾ ಬಂದಿದ್ದ: ನಾನು ನಕ್ಕದ್ದು ಯಜಮಾನನಿಗಲ್ಲ, ಅಲ್ಲೊಂದು ಇಲಿ ಇತ್ತು, ಆ ಇಲಿಗೆ. ಚಿತ್ರ ನೋಡಿದ ಯಾರೂ ಅಲ್ಲಿ ಇಲಿಯನ್ನು ಕಂಡಿರಲಿಲ್ಲ. ಸಂತೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಹಾಲಿನ ಡೈರಿಯ ಸಾಲಿನಲ್ಲಿ ಹುಡುಗರು "ತಾತ, ಇಲಿ ಎಲ್ಲಿ?" ಎಂದು ಕೇಳುವುದು, ಇವನು ಕೋಲೆತ್ತುವುದು, ಅವರು ನಗುವುದು. ಮೂವತ್ತು ವರ್ಷ ಹೀಗೇ ನಡೆದಿತ್ತು.

ಡಬ್ಬಿಗಳು ಬಂದ ಸುದ್ದಿ ಅವನಿಗೆ ಹೇಗೆ ಮುಟ್ಟಿತೋ, ಮೂರನೆಯ ದಿನ ಬೆಳಿಗ್ಗೆ ಕ್ಯಾಬಿನ್ನಿನ ಕಬ್ಬಿಣದ ಏಣಿಯನ್ನು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದ. ಉಸಿರು ಸುಧಾರಿಸಿಕೊಂಡು ಡಬ್ಬಿಗಳನ್ನು ಕೋಲಿನ ತುದಿಯಿಂದ ಮುಟ್ಟಿದ.

"ಇದ್ರೊಳಗೆ ಅದೆ ಕಣ್ಮಗ. ನನ್ ಇಲಿ ಅದೆ. ಹುಡುಕ್ಕೊಡು."

"ನೋಡ್ತೀನಿ ತಾತ."

"ನೋಡ್ತೀನಿ ಅನ್ಬ್ಯಾಡ. ಎಲ್ರೂ ಅಂಗೇ ಅಂದ್ರು."

ಅವನ ಹಿಂದೆಯೇ, ಅದೇ ದಿನ ಮಧ್ಯಾಹ್ನ, ಅವನ ತಮ್ಮನ ಮಗ ಬಂದ. ಪ್ರೌಢಶಾಲೆಯ ಮೇಷ್ಟ್ರು, ತಮ್ಮೂರಿನ ಯುವಕರ ಸಂಘಕ್ಕೆ ಕಾರ್ಯದರ್ಶಿ. ಇಸ್ತ್ರಿ ಮಾಡಿದ ಷರ್ಟು, ತೂಕದ ಮಾತು. ದಸರಾ ರಜೆಯಲ್ಲಿ ಮಕ್ಕಳಿಗೆ ಮಾರ್ನಿಂಗ್ ಶೋ ಹಾಕುವ ಯೋಚನೆ ಮಾಲೀಕರದ್ದು. ಅದು ಅವನ ಕಿವಿಗೆ ಬಿದ್ದಿತ್ತು.

"ಸಾವ್ಕಾರ್ರೇ, ಆ ಕಣದ ಸೀನು ಪರದೆ ಮೇಲೆ ಬಂದ್ರೆ ನಾವು ಗೇಟಿನ ಮುಂದೆ ಕೂತ್ಕೋತೀವಿ. ಗಲಾಟೆ ಮಾಡಾಕಿಲ್ಲ, ಸುಮ್ನೆ ಕೂತ್ಕೋತೀವಿ. ನಾನ್ ಓದೋವಾಗ ಸ್ಕೂಲಲ್ಲಿ ನನ್ನ ಒಬ್ರೂ ಹೆಸರಿಡ್ದು ಕರೀಲಿಲ್ಲ. 'ಕೈಮುಗಿಯಣ್ಣ' ಅಂತಲೇ ಕರ್ದಿದ್ದು. ನಮ್ ದೊಡ್ಡಪ್ಪನ ಆ ಹಲ್ಲಿನ ಮಾತು ಕೇಳಿ ಕೇಳಿ ಬೆಳ್ದೋನು ನಾನು. ನಮ್ ಮಕ್ಕಳು ಅದ ನೋಡ್ಬೇಕಾ?"

ಮಾಲೀಕರು ರಾಜಿ ಪಂಚಾಯ್ತಿ ಮಾಡುವುದರಲ್ಲಿ ನಿಸ್ಸೀಮರು. "ಮೇಷ್ಟ್ರೇ, ಒಂದ್ ಕೆಲ್ಸ ಮಾಡಾಣ. ಆ ರೀಲೊಂದ ಎಲ್ರೂ ಕೂತು ನೋಡಾಣ. ನಿಮ್ ದೊಡ್ಡಪ್ಪನೂ ಬರ್ಲಿ. ಇಲಿ ಇದ್ರೆ ಇರ್ಲಿ. ಇಲ್ದಿದ್ರೆ ಕತ್ತರ್ಸಿ ಬುಡ್ತೀವಿ" ಎಂದರು. ಮೇಷ್ಟ್ರು ಒಪ್ಪಿದ. ನನ್ನನ್ನು ಯಾರೂ ಕೇಳಲಿಲ್ಲ. ಕತ್ತರಿ ಹಾಕುವುದು ಆಪರೇಟರ್ ಕೆಲಸದಲ್ಲಿ ಉಪ್ಪು ಖಾರದಷ್ಟೇ ಸಾಮಾನ್ಯ, ಕೇಳುವುದೇನಿದೆ.

ಕಣದ ದೃಶ್ಯ ಇದ್ದದ್ದು ಒಂಬತ್ತನೆಯ ರೀಲಿನಲ್ಲಿ. ವಾಸನೆ ಹಿಡಿಯದ ಮೂರು ಡಬ್ಬಿಗಳಲ್ಲಿ ಅದೂ ಒಂದು. ಹಾಗಾಗಿ ಅದನ್ನು ಬಿಚ್ಚಿ ನೋಡದೆ ಪಕ್ಕಕ್ಕಿಟ್ಟು ಮೊದಲು ರೋಗಿಷ್ಠ ರೀಲುಗಳಿಗೆ ಕೈ ಹಾಕಿದೆ. ಮುಂದೆ ನಾನು ಪಟ್ಟ ಪಾಡಿಗೆಲ್ಲ ಆ ಒಂದು ನಿರ್ಧಾರವೇ ಮೂಲ.

ಹನ್ನೊಂದು ದಿನ ಕೆಲಸ ಹಿಡಿಯಿತು. ಒಣಗಿ ಹಪ್ಪಳವಾದ ಫಿಲ್ಮನ್ನು ನೇರವಾಗಿ ಬಿಚ್ಚಿದರೆ ಮುರಿಯುತ್ತದೆ. ದೊಡ್ಡ ಬಿಸ್ಕತ್ತಿನ ಡಬ್ಬದಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೊಂದು ಜರಡಿ ಇಟ್ಟು, ಜರಡಿಯ ಮೇಲೆ ರೀಲು, ಪಕ್ಕದಲ್ಲಿ ನಾಲ್ಕು ಬಿಲ್ಲೆ ಕರ್ಪೂರ. ಮುಚ್ಚಿಟ್ಟು ಒಂದು ದಿನ ಬಿಟ್ಟರೆ ಅದು ಬಾಗುವಷ್ಟು ಮೆದುವಾಗುತ್ತದೆ. ಆಮೇಲೆ ರಿವೈಂಡರಿಗೆ ಸಿಕ್ಕಿಸಿ, ಅಂಚನ್ನು ಎರಡು ಬೆರಳ ನಡುವೆ ಹಿಡಿದು, ಕೈಯಿಂದ ತಿರುಗಿಸುತ್ತಾ ಹೋಗಬೇಕು. ಎಲ್ಲಿ ಅಂಚಿನ ತೂತು ಹರಿದಿದೆಯೋ ಅದು ಬೆರಳಿಗೇ ತಿಳಿಯುತ್ತದೆ. ಅಲ್ಲಿ ನಿಲ್ಲಿಸಿ, ಬ್ಲೇಡಿನಿಂದ ಮೇಲಿನ ಮಸಿ ಪದರ ಕೆರೆದು, ಫಿಲ್ಮು ಅಂಟಿಸುವ ಸಿಮೆಂಟ್ ಸವರಿ, ಒತ್ತಿ ಹಿಡಿದು ಹತ್ತರವರೆಗೆ ಎಣಿಸಬೇಕು. ಇಂಥ ಜೋಡಣೆ ಮುನ್ನೂರರ ಮೇಲಾಯಿತು. ಆಮೇಲೆ ಲೆಕ್ಕ ಬಿಟ್ಟೆ.

ಕೆಲಸ ಬೇಸರ ತರಿಸಬೇಕಿತ್ತು. ತರಿಸಲಿಲ್ಲ. ಜೋಡಿಸುವ ಜಾಗವನ್ನು ಭೂತಗಾಜಿನಲ್ಲಿ ನೋಡುವುದು ನನ್ನ ಪದ್ಧತಿ. ಹಾಗೆ ನೋಡುವಾಗ ಎರಡನೆಯ ರೀಲಿನಲ್ಲಿ ಅಳಿಲು ಕಂಡಿತು. ಅದು ತಾತನ ಹೆಗಲಿನಿಂದ ತಲೆಗೆ ಹತ್ತಲು ಫಿಲ್ಮಿನ ನಲವತ್ತೆರಡು ಚೌಕ ತೆಗೆದುಕೊಳ್ಳುತ್ತದೆ. ಪರದೆಯ ಮೇಲೆ ಎರಡು ಸೆಕೆಂಡೂ ಇಲ್ಲ. ಯಾರೋ ಒಬ್ಬ ಪುಣ್ಯಾತ್ಮ ಕೂತು ಒಂದೇ ಅಳಿಲನ್ನು ನಲವತ್ತೆರಡು ಸಲ, ಪ್ರತಿ ಸಲವೂ ಕೂದಲೆಳೆಯಷ್ಟು ಬದಲಿಸಿ ಬರೆದಿದ್ದಾನೆ. ಅಷ್ಟೇ ಅಲ್ಲ, ಅಳಿಲಿನ ನೆರಳನ್ನು ತಾತನ ಅಂಗಿಯ ಮಡಿಕೆಗಳ ಮೇಲೆ, ಮಡಿಕೆ ಎಲ್ಲಿ ಏಳುತ್ತದೋ ಅಲ್ಲಿ ನೆರಳೂ ಏಳುವಂತೆ ಬರೆದಿದ್ದಾನೆ. ಇದನ್ನು ಯಾರು ನೋಡುತ್ತಾರೆಂದು ಬರೆದ? ಟೆಂಟಿನಲ್ಲಿ ಕಡಲೆಕಾಯಿ ತಿನ್ನುತ್ತಾ ಕೂತವರು ಅಂಗಿಯ ಮಡಿಕೆ ನೋಡುತ್ತಾರೆಯೇ? ನನಗೆ ಮೈ ಜುಮ್ಮೆಂದಿತು. ಇಪ್ಪತ್ತು ವರ್ಷ ಫಿಲ್ಮನ್ನು ಪ್ರೊಜೆಕ್ಟರಿನ ಗೇಟಿನಲ್ಲಿ, ದೀಪದ ಮುಂದೆ ಓಡಿಸಿದವನು, ಅದರೊಳಗೆ ಒಬ್ಬ ಮನುಷ್ಯನ ಇಷ್ಟೊಂದು ಕೈಕೆಲಸ ಇರಬಹುದೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಅದಕ್ಕಿಂತ ದೊಡ್ಡ ಸೋಜಿಗ ತಾತನ ಕಣ್ಣು. ಚಿತ್ರೀಕರಣದ ಹೊತ್ತಿನಲ್ಲಿ ಅಲ್ಲಿ ಅಳಿಲಿಲ್ಲ, ಮೊಲವಿಲ್ಲ, ಬರೀ ಗಾಳಿ. ಆದರೂ ಅವನ ನೋಟ ಪ್ರತಿ ಚೌಕದಲ್ಲೂ ಆ ಪ್ರಾಣಿಯ ಕಣ್ಣಿಗೇ ಹೋಗಿ ನೆಡುತ್ತದೆ. ಒಂದು ದಿನ ಅವನು ಬಂದಾಗ ಕೇಳಿಯೇಬಿಟ್ಟೆ.

"ಅದೆಂಗೆ ತಾತ, ಇಲ್ದಿರೋದ ನೋಡ್ದೆ?"

"ಇಲ್ದೆ ಏನು? ಚಿತ್ರ ಬರೆಯೋನು ಇದ್ನಲ್ಲ, ತೆಳ್ಳಗೆ, ಕನ್ನಡಕ ಹಾಕ್ಕಂಡು. ಹತ್ತಿ ಉಂಡೆ ಕರೀ ದಾರಕ್ಕೆ ಕಟ್ಕಂಡು ಎಳೆಯೋನು. ಇದು ಮೊಲ ಅನ್ನೋನು. ಮೊಲ ಅಂದ್ರೆ ಮೊಲ. ನಾನು ಕುರಿ ಕಾದೋನು ಮಗ, ಪ್ರಾಣಿ ಎಲ್ಲಿ ಹೊಯ್ತದೆ ಅಂತ ನಂಗೊತ್ತಿಲ್ವಾ?"

"ಇಲೀನೂ ಅಂಗೇನಾ?"

"ಇಲಿಗೆ ದಾರ ಕಟ್ಟಿದ್ದು ಜೋಡಿಗೆ, ಕಾಲ್ ಮೆಟ್ಟಿಗೆ ಕಣ್ಲಾ! ಯಜಮಾನ ರಾಗಿ ಅಳೀತಾ ಕೂತಾಗ ಜೋಡು ಬುಟ್ಟಿದ್ದ. ಒಂದ್ ಜೋಡಿಗೆ ದಾರ ಕಟ್ಟಿ, ಮೂಟೆ ಹಿಂದೆ ಆ ಚಿತ್ರ ಬರೆಯೋನು ಮಲಿಕ್ಕಂಡು ಎಳೆಯೋನು. 'ಇಲಿ ಯಜಮಾನ್ರ ಜೋಡು ಕದ್ಕಂಡು ಹೊಯ್ತಾ ಅದೆ, ನೀನೊಬ್ನೇ ನೋಡ್ತಾ ಇದ್ದೀಯೆ' ಅಂದ. ನಗೂ ಬರ್ದೆ ಇರ್ತದಾ? ನಾವು ಅವ್ರ ಮನೆ ಮುಂದೆ ಜೋಡು ಕೈಲಿಡ್ಕಂಡು ಹೋಗೋರು!"

ಹೇಳುವಾಗ ಮುದುಕ ನಕ್ಕ. ಬೊಚ್ಚು ಬಾಯಿಯಾದರೂ ಅದೇ ನಗು. ಅವನು ಸುಳ್ಳು ಹೇಳುತ್ತಿಲ್ಲವೆಂದು ನನ್ನ ಮನಸ್ಸು ಹೇಳಿತು. ಆದರೆ ಆಪರೇಟರ್ ನಂಬಬೇಕಾದದ್ದು ಮನಸ್ಸನ್ನಲ್ಲ, ಪರದೆಯನ್ನು.

ಹನ್ನೆರಡನೆಯ ದಿನ ಬೆಳಿಗ್ಗೆ ಪರೀಕ್ಷೆ. ಕೆಳಗೆ ಮಾಲೀಕರು, ಮೇಷ್ಟ್ರು, ತಾತ. ಮೂವರೇ. ಒಂಬತ್ತನೆಯ ರೀಲು ನೋಡಲು ಚೆನ್ನಾಗಿದ್ದರೂ ಒಳಗೊಳಗೇ ಕುಗ್ಗಿಹೋಗಿತ್ತು. ಅಂಚಿನ ತೂತಿಗೂ ಪ್ರೊಜೆಕ್ಟರಿನ ಚಕ್ರದ ಹಲ್ಲಿಗೂ ಹೊಂದಿಕೆಯಾಗದೆ ಟಕ ಟಕ ಎನ್ನತೊಡಗಿತು. ಗೇಟಿನ ಸ್ಪ್ರಿಂಗು ಸಡಿಲಿಸಿ, ಉರಿಯುವ ಕಾರ್ಬನ್ ಕಡ್ಡಿಗಳ ಬೆಳಕನ್ನು ಒಂದು ಹದಕ್ಕೆ ತಂದು ನಿಲ್ಲಿಸಿದೆ. ಶುರುವಿನಲ್ಲೇ ಮೊಲದ ಕಿವಿಯ ತುದಿ ಪರದೆಯ ಮೇಲಂಚಿಗೆ ಸಿಕ್ಕಿ ಕತ್ತರಿಸಿದಂತೆ ಕಂಡಿತು. ಚಿತ್ರವನ್ನು ಮೇಲೆ ಕೆಳಗೆ ಸರಿಸುವ ಫ್ರೇಮಿಂಗ್ ನಾಬು ತಿರುಗಿಸಿ ಕೆಳಗಿಳಿಸಿದೆ. ಕಿವಿ ಬಂತು, ಕಾಲು ಹೋಯಿತು. ಹಳೆಯ ಕಾಲದವರ ಚಿತ್ರ, ಅಳತೆ ಸರಿಯಿಲ್ಲವೆಂದು ಗೊಣಗಿ ಮಧ್ಯಕ್ಕೆ ತಂದುಬಿಟ್ಟೆ.

ಕಣದ ದೃಶ್ಯ ಬಂತು. ಯಜಮಾನರು ಕಿರ್ರೆನ್ನುವ ಜೋಡು ಮೆಟ್ಟಿ ಬಂದು ಕೂತರು. ರಾಗಿ ಅಳೆದರು. ಆಳು ಬಗ್ಗಿದ, ಕೈಮುಗಿದ, ನೆಲ ನೋಡುತ್ತಾ ಹಲ್ಲು ಕಿರಿದ. ಅಷ್ಟೇ. ಬೇರೇನೂ ಇಲ್ಲ. ಮುಂದಿನ ದೃಶ್ಯದಲ್ಲಿ ಯಜಮಾನರು ಒಂದೇ ಕಾಲಿಗೆ ಜೋಡು ಹಾಕಿಕೊಂಡು ಕುಂಟುತ್ತಾ ಹೋದರು. "ನೋಡ್ಲಾ, ಇನ್ನೊಂದ್ ಜೋಡು ಹಾಕ್ಸೋದ್ನೇ ಮರ್ತವ್ರೆ!" ಎಂದು ಮಾಲೀಕರು ನಕ್ಕದ್ದು ಕೇಳಿಸಿತು. ನನಗೂ ಆಗ ಹಾಗೇ ಅನ್ನಿಸಿತು.

ನಾನು ಕಿಂಡಿಯಿಂದ ಇಣುಕಿದೆ. ತಾತ ಎದ್ದು ನಿಂತಿದ್ದ.

"ಇತ್ತು ಕಣಪ್ಪ. ಅಲ್ಲೇ ಇತ್ತು" ಎಂದ.

"ದೊಡ್ಡಪ್ಪ, ಸಾಕು. ಬಾ ಮನೆಗೆ" ಎಂದ ಮೇಷ್ಟ್ರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ತಾತ ಕೋಲನ್ನೂ ಮರೆತು ಹೊರಗೆ ನಡೆದ. ಮಾಲೀಕರು ತಲೆಯೆತ್ತಿ ನನ್ನ ಕಿಂಡಿಯ ಕಡೆ ನೋಡಿ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರು.

ರೀಲನ್ನು ಮೇಜಿಗೆ ತಂದೆ. ಆ ಒಂದು ಓಟಕ್ಕೇ ಅಂಚಿನ ತೂತುಗಳು ಎಷ್ಟೋ ಕಡೆ ಕಿತ್ತುಬಂದಿದ್ದವು. ನಾನು ಹೇಳಿದ 'ಒಂದ್ಸಲ' ಮುಗಿದಿತ್ತು. ಕತ್ತರಿಸುವ ಜಾಗ ಗುರುತು ಹಾಕಲು ಭೂತಗಾಜು ಹಿಡಿದೆ. ಯಜಮಾನರ ಮುಖ, ಕೊಳಗ, ತಾತನ ಮುಗಿದ ಕೈ. ಗಾಜನ್ನು ಹಾಗೇ ಕೆಳಗೆ ಜಾರಿಸಿದೆ.

ಇಲಿ.

ಹಿಂಗಾಲ ಮೇಲೆ ನಿಂತ, ಹೊಟ್ಟೆ ದಪ್ಪದ, ಒಂದು ಕಿವಿ ಹರಿದ ಇಲಿ. ಎರಡೂ ಕೈಯಲ್ಲಿ ಯಜಮಾನರ ಜೋಡಿನ ಪಟ್ಟಿ ಹಿಡಿದು, ಹಲ್ಲು ಕಚ್ಚಿ ಎಳೆಯುತ್ತಿದೆ. ಎಳೆಯುತ್ತಾ ತಲೆಯೆತ್ತಿ ತಾತನ ಕಡೆ ನೋಡುತ್ತಿದೆ. ತಾತ ಅದರ ಕಡೆ ನೋಡುತ್ತಿದ್ದಾನೆ. ಇಬ್ಬರ ಕಣ್ಣಿನ ನಡುವೆ ಒಂದು ದಾರ ಎಳೆದರೆ ಎಲ್ಲೂ ಬಾಗುವುದಿಲ್ಲ.

ಕಣ್ಣಲ್ಲಿ ನೀರು ಬಂದು ಗಾಜು ಮಂಜಾಯಿತು. ಆಮೇಲೆ, ಇದು ಪರದೆಯ ಮೇಲೆ ಯಾಕೆ ಬರಲಿಲ್ಲವೆಂಬ ಪ್ರಶ್ನೆ ಬಂತು, ಅದರ ಉತ್ತರವೂ ಹಿಂದೆಯೇ ಬಂತು. ಎದ್ದು ಹೋಗಿ ಪ್ರೊಜೆಕ್ಟರಿನ ಗೇಟು ತೆಗೆದು ಪ್ಲೇಟನ್ನು ಹೊರಕ್ಕೆಳೆದೆ.

ಪ್ಲೇಟೆಂದರೆ ಅಂಗೈಗಿಂತ ಚಿಕ್ಕ ಹಿತ್ತಾಳೆ ತಗಡು. ಮಧ್ಯದಲ್ಲೊಂದು ಚೌಕದ ಕಂಡಿ. ಫಿಲ್ಮಿನ ಚಿತ್ರದಲ್ಲಿ ಎಷ್ಟು ಭಾಗ ಪರದೆಗೆ ಹೋಗಬೇಕೆಂದು ನಿರ್ಧರಿಸುವುದು ಈ ಕಂಡಿ. ಹಳೆಯ ಚಿತ್ರಗಳು ಎತ್ತರಕ್ಕಿದ್ದವು. ಆಮೇಲೆ ಅಗಲದ ಪರದೆಯ ಹುಚ್ಚು ಬಂತು. ಆ ಹುಚ್ಚು ನಮ್ಮ ಕಡೆ ಬಂದಾಗ ನನಗೆ ಕೆಲಸ ಕಲಿಸಿದ ಗುರುಗಳು ಸೈಕಲ್ಲಿನ ಚೀಲದಲ್ಲಿ ಲೋಹ ಉಜ್ಜುವ ಅರ ಮತ್ತು ಹಿತ್ತಾಳೆ ತಗಡು ಇಟ್ಟುಕೊಂಡು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಬಿಂಡಿಗನವಿಲೆಯ ಜಾತ್ರೆ ಟೆಂಟಿನವರೆಗೆ ತಿರುಗಿ ಎಲ್ಲರಿಗೂ ಹೊಸ ಪ್ಲೇಟು ಅರೆದು ಕೊಟ್ಟರು. ಗಿಡ್ಡ ಕಂಡಿ, ಚಿಕ್ಕ ಲೆನ್ಸು, ದೊಡ್ಡ ಚಿತ್ರ. ಮಾಲೀಕರಿಗೆಲ್ಲ ಖುಷಿಯೋ ಖುಷಿ. ಗೊಂಬೆ ಪಿಚ್ಚರು ನಮ್ಮ ಕಡೆ ಬಂದದ್ದು ಅದರ ಮರುವರ್ಷ. ಎತ್ತರದ ಚಿತ್ರವನ್ನು ಗಿಡ್ಡ ಕಂಡಿಯಲ್ಲಿ ಓಡಿಸಿದರು. ಮೇಲೆ ಮೊಲದ ಕಿವಿ ಹೋಯಿತು. ಕೆಳಗೆ ಇಲಿ ಹೋಯಿತು. ನಾಲ್ಕು ತಾಲ್ಲೂಕಿನ ಜನ ಕಂಡದ್ದು ಕೈಮುಗಿದು ಹಲ್ಲು ಕಿರಿಯುವ ಒಬ್ಬ ಆಳನ್ನು ಮಾತ್ರ.

ಆ ಪ್ಲೇಟನ್ನು ಗುರುಗಳ ನೆನಪೆಂದು ನಾನು ಪ್ರತಿ ಶುಕ್ರವಾರ ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ ಮಾಡುತ್ತಿದ್ದೆ. ಗುರುಗಳಿಗೆ ಇದು ತಿಳಿದಿತ್ತೋ ಇಲ್ಲವೋ ಕೇಳೋಣವೆಂದರೆ ಅವರು ತೀರಿಹೋಗಿ ಆರು ವರ್ಷವಾಗಿತ್ತು.

ಕತ್ತರಿಯನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಮಾಲೀಕರಿಗೆ ಹೇಳಿದೆ. ಅವರು ಗಾಜಿನಲ್ಲಿ ನೋಡಿ "ಅಯ್ಯೋ ನಿನ್ನ!" ಎಂದು ಕೂತುಬಿಟ್ಟರು. ಆಮೇಲೆ, "ಆ ನಾಬು ತಿರುಗ್ಸಿ ಕೆಳಗಡೇದು ತೋರ್ಸ್ಬುಡ್ಲಾ, ಆಯ್ತಲ್ಲ" ಎಂದರು.

"ಅಂಗ್ ಮಾಡಿದ್ರೆ ಇಲಿ ಬತ್ತದೆ, ತಾತನ ಮುಖ ಹೊಯ್ತದೆ. ಎರಡೂ ಒಟ್ಟಿಗೆ ಕಾಣ್ಬೇಕು ಸಾವ್ಕಾರ್ರೇ. ಕಣ್ಣು ಇಲಿ ಮ್ಯಾಗಿರೋದು ಕಾಣ್ಬೇಕು. ಇಲ್ದಿದ್ರೆ ಏನ್ ಬಂತು?"

ಮಾರನೆಯ ದಿನ ದೃಶ್ಯ ಕತ್ತರಿಸಿದ್ದಾರೋ ಇಲ್ಲವೋ ನೋಡಲು ಮೇಷ್ಟ್ರು ಬಂದ. ಅವನ ಕೈಗೆ ಭೂತಗಾಜು ಕೊಟ್ಟೆ. ಅವನು ಬಗ್ಗಿ ನೋಡಿದ. ಎದ್ದಾಗ ಮುಖ ಬಾಡಿತ್ತು.

"ಕೈ ಮುಗ್ದಿದ್ದು ಮುಗ್ದಿದ್ದೇ ಅಲ್ವಾ ಆಪರೇಟ್ರೇ? ಇಲಿ ಇದ್ ಮಾತ್ರಕ್ಕೆ ಜೀತ ಚೆಂದ ಆಯ್ತದಾ?"

"ಇಲ್ಲ ಮೇಷ್ಟ್ರೇ. ಅದು ನಾನ್ ಹೇಳಾಕಿಲ್ಲ."

ಅವನು ಕಿಂಡಿಯ ಬಳಿ ಹೋಗಿ ಕೆಳಗಿನ ಖಾಲಿ ಕುರ್ಚಿಗಳನ್ನು ನೋಡುತ್ತಾ ನಿಂತ.

"ಭೂತಗನ್ನಡಿಯೊಳಗೆ ನಾನೊಬ್ಬ ನೋಡಿದ್ರೆ ಆಗಾಕಿಲ್ಲ. ಊರೆಲ್ಲ ನೋಡಿದ್ದು ಪರದೆ ಮ್ಯಾಲೆ. ಪರದೆ ಮ್ಯಾಲೆ ತೋರ್ಸಿ. ಊರ ನಾನು ಕರ್ಕಂಡ್ ಬತ್ತೀನಿ."

"ತಾತನ್ನ?"

"ಅವನು ನಿನ್ನೆಯಿಂದ ಬಾಯೇ ಬುಟ್ಟಿಲ್ಲ" ಎಂದ ಮೇಷ್ಟ್ರು. ಬಾಗಿಲ ಕಡೆ ತಿರುಗಿ, "ಕರ್ಕಂಡ್ ಬತ್ತೀನಿ" ಎಂದ.

ಬರುವ ಭಾನುವಾರ ಬೆಳಿಗ್ಗೆ ಆಟವೆಂದು ಗೊತ್ತುಮಾಡಿದೆವು, ಅದಕ್ಕೆ ಐದು ದಿನ ಉಳಿದಿತ್ತು. ಶ್ರೀರಂಗಪಟ್ಟಣದ ಲೇತ್ ಅಂಗಡಿಯಲ್ಲಿ ಹಿತ್ತಾಳೆ ತಗಡು ಕತ್ತರಿಸಿಕೊಂಡು ಬಂದೆ. ಅವರು ಕಂಡಿಯನ್ನೂ ಕೊರೆದು ಕೊಡುತ್ತೇವೆಂದರು, ನಾನು ಬಿಡಲಿಲ್ಲ. ಫಿಲ್ಮಿನ ಚೌಕವನ್ನೇ ಅಳತೆಯಾಗಿಟ್ಟುಕೊಂಡು ಎರಡು ದಿನ ಕೂತು ಅರದಲ್ಲಿ ಅರೆದೆ. ಪ್ರೊಜೆಕ್ಟರಿನಲ್ಲಿ ಚಿತ್ರ ತಲೆಕೆಳಗಾಗಿ ಹೋಗುತ್ತದೆ, ಹಾಗಾಗಿ ಇಲಿಗೆ ಜಾಗ ಮಾಡಬೇಕಾದದ್ದು ಪ್ಲೇಟಿನ ಮೇಲಂಚಿನಲ್ಲಿ, ಮೊಲದ ಕಿವಿಗೆ ಕೆಳಂಚಿನಲ್ಲಿ. ಒಂದು ಗಳಿಗೆ ಮೈಮರೆತು ಕೆಳಗೆ ಗುರುತು ದಾಟಿ ಅರ ಇಟ್ಟವನು ಸರಕ್ಕನೆ ಕೈ ಎಳೆದುಕೊಂಡೆ.

ಪ್ಲೇಟು ಸಿಕ್ಕಿಸಿ ಬರೀ ಬೆಳಕು ಬಿಟ್ಟು ಕೆಳಗಿಳಿದು ನೋಡಿದರೆ ಇನ್ನೊಂದು ಫಜೀತಿ. ಬೆಳಕಿನ ಚೌಕ ಪರದೆಗಿಂತ ಎತ್ತರವಾಗಿ, ಮೇಲೆ ಪರದೆಯ ಅಂಚಿನ ಕಪ್ಪು ಬಟ್ಟೆಯ ಮೇಲೂ ಕೆಳಗೆ ಗೋಡೆಯ ಮೇಲೂ ಬಿತ್ತು. ಉದ್ದದ ಲೆನ್ಸಿದ್ದರೆ ಚಿತ್ರ ಚಿಕ್ಕದಾಗಿ ಪರದೆಗೆ ಹೊಂದುತ್ತಿತ್ತು. ಮೈಸೂರಿನವರೆಗೆ ಹೋಗಿ ಕೇಳಿದೆ, ಸಿಗಲಿಲ್ಲ. ಇಲಿ ಬರುವ ಜಾಗ ಸರಿಯಾಗಿ ಪರದೆಯ ಕೆಳಗಿನ ಗೋಡೆ. ಎಲೆ ಅಡಿಕೆ ಉಗಿದು ಉಗಿದು ಕೆಂಪಾಗಿದ್ದ ಗೋಡೆ.

ಮಾಲೀಕರು ಸೊಂಟಕ್ಕೆ ಕೈಕೊಟ್ಟು ಅದನ್ನು ನೋಡುತ್ತಾ ನಿಂತರು. "ಸುಣ್ಣ ಹೊಡೀರ್ಲಾ" ಎಂದರು. ಎರಡು ಕೋಟು ಸುಣ್ಣ, ಕೊನೆಯ ಕೋಟಿಗೆ ಚಿಟಿಕೆ ನೀಲಿ. ಮೇಲಿನ ಕಪ್ಪು ಬಟ್ಟೆಯನ್ನು ಅವರೇ ಏಣಿ ಹತ್ತಿ ಮೊಳದಷ್ಟು ಮೇಲಕ್ಕೆ ಕಟ್ಟಿದರು. ಅರವತ್ತರ ಮನುಷ್ಯ, ಕೈ ಮುಖವೆಲ್ಲ ಧೂಳು ಮಾಡಿಕೊಂಡು ಇಳಿದು ಬಂದು, "ಒಂದ್ಸಲ ಓಡ್ಸಿ ನೋಡಾಣ್ವಾ?" ಎಂದರು. ನನಗೂ ಬಾಯಲ್ಲಿ ನೀರೂರಿತ್ತು. ಆದರೆ ರೀಲಿನ ಅಂಚನ್ನು ಎಷ್ಟು ಜೋಡಿಸಿದರೂ ಅದು ಇನ್ನೊಂದೇ ಓಟಕ್ಕೆ ಉಳಿದಿತ್ತು. ಬೇಡವೆಂದೆ. ಏನಾದರೂ ಆದರೆ ಭಾನುವಾರವೇ ಆಗಲಿ, ಎಲ್ಲರ ಮುಂದೆ.

ಭಾನುವಾರ ಬೆಳಿಗ್ಗೆ ಚಿತ್ರಮಂದಿರ ತುಂಬಿತ್ತು. ಅಂಥ ಜನವನ್ನು ನಾವು ಕಂಡು ವರ್ಷಗಳಾಗಿದ್ದವು. ತಾತನ ಊರಿನಿಂದ ಟ್ರಾಕ್ಟರಿನಲ್ಲಿ ಬಂದಿದ್ದರು. ಬೇರೆ ಊರಿನವರು, ಹಿಂದೆ ಅರ್ಧಕ್ಕೆ ಎದ್ದು ಹೋದವರು, ಅವರ ಮಕ್ಕಳು, ಮೊಮ್ಮಕ್ಕಳು. ಎಲ್ಲಕ್ಕಿಂತ ಮುಂದೆ, ಗಾಂಧಿ ಕ್ಲಾಸಿನ ನೆಲದಲ್ಲಿ, ಸ್ಕೂಲಿನ ಮಕ್ಕಳು. ಮೇಷ್ಟ್ರು ತಾತನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಂದ. ಮಕ್ಕಳ ಪಕ್ಕದಲ್ಲೇ ಒಂದು ಬೆಂಚು ಹಾಕಿಸಿ ಕೂರಿಸಿದ. ತಾತ ಪರದೆಯನ್ನು ನೋಡಲಿಲ್ಲ, ತನ್ನ ಕಾಲು ನೋಡುತ್ತಾ ಕೂತ.

ಎಂಟು ರೀಲು ಸುಖವಾಗಿ ಹೋದವು. ಅಳಿಲು ಹೆಗಲೇರಿದಾಗ ಮಕ್ಕಳು ಕಿರುಚಿದ್ದಕ್ಕೆ ಕ್ಯಾಬಿನ್ನಿನ ಗಾಜು ಅದುರಿತು. ಒಂಬತ್ತನೆಯದಕ್ಕೆ ಬದಲಾಯಿಸುವ ಮುಂಚೆ ಕೈ ಒರೆಸಿಕೊಂಡೆ. ಗೇಟಿನ ಸ್ಪ್ರಿಂಗನ್ನು ಪೂರ್ತಿ ಸಡಿಲಿಸಿ, ಅದರ ಕೆಲಸವನ್ನು ನನ್ನ ಹೆಬ್ಬೆರಳಿನಿಂದ ಮಾಡಬೇಕಿತ್ತು. ಹೆಚ್ಚು ಒತ್ತಿದರೆ ಹರಿಯುತ್ತದೆ, ಕಡಿಮೆಯಾದರೆ ಚಿತ್ರ ಕುಣಿಯುತ್ತದೆ. ಗೇಟು ಬೆಂಕಿಯಂತೆ ಕಾಯುತ್ತಿತ್ತು. ಇನ್ನೊಂದು ಕೈ ಕಾರ್ಬನ್ ಕಡ್ಡಿಯ ತಿರುಗಣೆಯ ಮೇಲೆ. ಕಣ್ಣು ಫಿಲ್ಮಿನ ಸುರುಳಿಯ ಮೇಲೆ.

ಯಜಮಾನರ ಜೋಡಿನ ಕಿರ್ರೆಂಬ ಸದ್ದು ಬಂತು. ರಾಗಿ ಸುರಿಯುವ ಸದ್ದು ಬಂತು. ಚಿತ್ರಮಂದಿರ ಒಮ್ಮೆಲೇ ಗಪ್‌ಚುಪ್ ಆಯಿತು. ದೊಡ್ಡವರಿಗೆಲ್ಲ ಗೊತ್ತಿತ್ತು, ಈಗ ಬರುವುದು ಯಾವುದೆಂದು.

ಮೊದಲು ಒಂದು ಮಗುವಿನ ದನಿ. "ಇಲಿ!"

ಆಮೇಲೆ ಹತ್ತು. ಆಮೇಲೆ ನೂರು. "ಇಲಿ! ಇಲಿ! ಜೋಡು! ಜೋಡು ಎಳೀತಾದೆ ನೋಡ್ಲಾ!" ಮಕ್ಕಳ ಕೂಗಿನ ಹಿಂದೆ ಇನ್ನೊಂದು ಸದ್ದು ಎದ್ದಿತು. ದೊಡ್ಡವರ ನಗು. ಹಿಂದಿನ ಸಾಲುಗಳಿಂದ ಶುರುವಾಗಿ ಅಲೆಅಲೆಯಾಗಿ ಮುಂದಕ್ಕೆ ಹೋದ ನಗು. ಯಜಮಾನರು ಒಂದೇ ಜೋಡಿನಲ್ಲಿ ಕುಂಟುತ್ತಾ ಹೊರಟಾಗ ಆ ನಗು ಎಂಥ ಗದ್ದಲವಾಯಿತೆಂದರೆ, ಕಾಲ ಕೆಳಗಿನ ಹಲಗೆ ನಡುಗುವುದು ನನಗೆ ತಿಳಿಯುತ್ತಿತ್ತು. ನನ್ನ ಹೆಬ್ಬೆರಳು ಸುಡುತ್ತಿತ್ತು. ನಾನು ಒಬ್ಬನೇ ನಿಂತು ಗಳಗಳ ಅಳುತ್ತಿದ್ದೆ.

ದೃಶ್ಯ ದಾಟಿ ಒಂದು ನಿಮಿಷಕ್ಕೆ ರೀಲು ಹರಿಯಿತು. ಅಂಚು ಉದ್ದಕ್ಕೂ ದಾರದಂತೆ ಕಿತ್ತುಬಂದಿತ್ತು, ಇನ್ನು ಜೋಡಿಸುವಂತಿರಲಿಲ್ಲ. ಹತ್ತನೆಯ ರೀಲಿಗೆ ಬದಲಾಯಿಸಿದೆ. ಯಾರೂ ಶಿಳ್ಳೆ ಹೊಡೆಯಲಿಲ್ಲ.

ಆಟ ಮುಗಿದ ಮೇಲೆ ಮೇಷ್ಟ್ರು ಏಣಿಯ ಬುಡದಲ್ಲಿ ನಿಂತಿದ್ದ. "ಕೈ ಮುಗ್ದಿದ್ದು ಮುಗ್ದಿದ್ದೇ ಆಪರೇಟ್ರೇ, ಅದಕ್ಕೆ ನನ್ನ ಸಿಟ್ಟು ಹೋಗಾಕಿಲ್ಲ" ಎಂದ. "ಆದ್ರೆ ಯಾರ್ಗೆ ನಕ್ಕ ಅನ್ನೋದ ನಾನೂ ಕೇಳ್ಲಿಲ್ವಲ್ಲ. ಮನೇಲೇ ಇದ್ನಲ್ಲ ಅವನು." ಹಾಗೆಂದು ಮೊಪೆಡ್ಡಿನ ಕಡೆ ಹೋದ.

ತಾತ ಮೇಲೆ ಹತ್ತಿ ಬಂದ. ಬಲಗೈ ಬೆರಳುಗಳಿಗೆಲ್ಲ ಸುಣ್ಣ ಹತ್ತಿತ್ತು, ಗೋಡೆಯನ್ನು ಮುಟ್ಟಿ ನೋಡಿ ಬಂದಿದ್ದ. ನನ್ನ ಸ್ಟೂಲಿನ ಮೇಲೆ ಕೂತು, ಬೊಬ್ಬೆ ಎದ್ದಿದ್ದ ನನ್ನ ಹೆಬ್ಬೆರಳನ್ನು ಹಿಡಿದು ನೋಡಿದ.

"ಎಂಗೆ ಎಳೀತು ನೋಡಿದ್ಯಾ ಮಗ, ಆ ಕಳ್ಳನ್ ಮಗಂದು?"

ಆಗ ನನಗೆ ಹೊಳೆಯಿತು. ಕ್ಯಾಬಿನ್ನಿನ ಕಿಂಡಿಯಿಂದ ಪರದೆ ಕಾಣುತ್ತದೆ. ಅದರ ಕೆಳಗಿನ ಗೋಡೆ ಕಾಣುವುದಿಲ್ಲ, ನಾನು ಇಣುಕುವ ಕಿಂಡಿ ಬೆಳಕು ಹೋಗುವ ಕಿಂಡಿಗಿಂತ ತಗ್ಗು, ಬಾಲ್ಕನಿಯ ಕಟ್ಟೆ ಅಡ್ಡ. ಕಂಡರೂ ಆ ಹೊತ್ತಿನಲ್ಲಿ ನನ್ನ ಕಣ್ಣು ಅಲ್ಲಿರಲಿಲ್ಲ. ಭೂತಗಾಜಿನಲ್ಲಿ ನಾನು ಕಂಡದ್ದು ನಿಂತ ಇಲಿ. ಅದು ನಡೆದದ್ದನ್ನು, ಎಳೆದದ್ದನ್ನು ನಾನು ನೋಡಿಯೇ ಇರಲಿಲ್ಲ. ಇನ್ನು ನೋಡುವಂತೆಯೂ ಇರಲಿಲ್ಲ.

"ಇಲ್ಲ ತಾತ. ನಾನ್ ನೋಡ್ಲಿಲ್ಲ."

ಮುದುಕ ನನ್ನ ಮುಖವನ್ನೇ ದಿಟ್ಟಿಸಿದ. ಆಮೇಲೆ ಅವನ ಬೊಚ್ಚು ಬಾಯಿ ನಿಧಾನಕ್ಕೆ ಅಗಲವಾಯಿತು.

"ಅಂಗಾರೆ ನಾನು ಹೇಳಿದ್ದ ನೀನು ನಂಬ್ಬೇಕು" ಎಂದ.

ನೆಲದ ಮೇಲೆ ಬಿದ್ದಿದ್ದ ನನ್ನ ಹವಾಯಿ ಚಪ್ಪಲಿಯ ಪಟ್ಟಿಯನ್ನು ಸುಣ್ಣದ ಬೆರಳುಗಳಿಂದ ಹಿಡಿದು, ಇಲಿ ಮೊದಲು ಎಂಗೆ ಆ ಕಡೆ ಈ ಕಡೆ ನೋಡಿತು, ಆಮೇಲೆ ಎಂಗೆ ಕಾಲು ಊರಿತು, ಎಂಗೆ ಎಳೆಯಿತು ಎಂದು ಒಂದೊಂದೇ ತೋರಿಸತೊಡಗಿದ. ನಾನು ನೆಲದ ಮೇಲೆ ಕೂತು ನೋಡಿದೆ.